ತೌಡು ಕೊಟ್ಟು ತಂದ ಹೆಸರು

ನಿಮ್ಮನ್ನು ಎಂತ ಕೊಟ್ಟು ಕೊಂಡು ತಂದದ್ದು ಅಂತ ನಿಮಗೆ ಗೊತ್ತಾ? ಗೊತ್ತಿಲ್ಲವಾದರೆ ಬೇಜಾರು ಮಾಡಿಕೊಳ್ಳಬೇಡಿ. ಹೆಚ್ಚಿನವರನ್ನು ಪುಕ್ಕಟೆ ಹೆತ್ತು ಪುಕ್ಕಟೆ ಸಾಕಿರುತ್ತಾರೆ. ನನ್ನನ್ನು ಮಾತ್ರ ನನ್ನ ಹೆತ್ತವರೇ ಒಂದು ಗೆರಸೆ, ಅಂದರೆ ಒಂದು ಮೊರದ ತುಂಬ, ತೌಡು ಕೊಟ್ಟು ವ್ಯಾಪಾರ ಮಾಡಿ ತಂದರು. ಅಕ್ಕಿಯೂ ಅಲ್ಲ, ನುಚ್ಚೂ ಅಲ್ಲ, ಎಮ್ಮೆಗೆ ಕಲಸಿ ಇಡುವ ತೌಡು. ಹಾಗಾಗಿ ನನ್ನ ಹೆಸರು ತೌಡಿ.

ಇದೆಲ್ಲ ಈಗ ನೆನಪಾಗಲು ಕಾರಣ ಈ ಮೊಬೈಲು. ಮೊಮ್ಮಗಳು ರೂಪಾ ತನ್ನ ಹಳೆಯದನ್ನು ನನಗೆ ದಾಟಿಸಿ, ಕನ್ನಡ ಅಕ್ಷರ ಒತ್ತುವುದನ್ನು ಕಲಿಸಿದಳು. ಒತ್ತಲು ಶುರು ಮಾಡುವ ಮೊದಲೇ ಅದು ನನ್ನ ಹೆಸರು ಕೇಳಿತು. ಎಷ್ಟು ಮರ್ಯಾದೆಯ ಯಂತ್ರ ನೋಡಿ! ಬುಟ್ಟಿ ಹೊತ್ತು ಊರೂರು ಮೀನು ಮಾರಿದ ಕಾಲದಲ್ಲಿ ಯಾರೂ ನನ್ನ ಹೆಸರು ಕೇಳಿದ್ದಿಲ್ಲ. ಮನೆಯೊಳಗಿಂದ "ಮೀನಮ್ಮ, ಬಂಗಡೆ ಇದ್ಯಾ?" ಎನ್ನುತ್ತಿದ್ದರು, ಅಷ್ಟೆ. ವೋಟಿನ ಕಾರ್ಡಿನಲ್ಲಿ ಸುಶೀಲಾ ಅಂತ ಇದೆ, ಆ ಸುಶೀಲೆ ಯಾರೋ ನನಗೆ ಪರಿಚಯವಿಲ್ಲ. ನಾನು ತೌಡಿ ಎಂದು ಒತ್ತಿದೆ.

"ಅಜ್ಜಿ, ಇದೆಂತ ಹೆಸ್ರು? ಅಳ್ಸು ಅದನ್ನ" ಎಂದಳು ರೂಪಾ.

"ಅಳ್ಸುದಿಲ್ಲ. ಈ ಹೆಸ್ರಿಂದ್ಲೇ ನಾನು ಬದ್ಕಿದ್ದು" ಎಂದೆ.

ಅವಳ ತೊಡೆಯ ಮೇಲೆ ಮಲಗಿದ್ದ ಕೂಸಿಗೆ ಆಗ ಹೆಸರೇ ಇರಲಿಲ್ಲ.

ನಾನಿರುವುದು ಗೋಕರ್ಣದಲ್ಲಿ, ಮಗಳು ಲಲಿತಳ ಮನೆಯಲ್ಲಿ. ಓಂ ಬೀಚಿಗೆ ಹೋಗುವ ದಾರಿಯ ಬದಿಗೆ ಮನೆ. ಹಿತ್ತಲಿನಲ್ಲಿ ನಾಲ್ಕಾರು ಕೋಣೆ ಕಟ್ಟಿಸಿ ಪ್ರವಾಸಿಗರಿಗೆ ಬಾಡಿಗೆಗೆ ಕೊಡುತ್ತಾಳೆ. ರೂಪಾ ಅವಳ ಮಗಳು. ಕೊಟ್ಟದ್ದು ಹೊನ್ನಾವರಕ್ಕೆ, ಗಂಡ ಗಣಪತಿ ಮೀನಿನ ಬೋಟಿನ ಡ್ರೈವರು. ಬಾಣಂತನಕ್ಕೆಂದು ತವರಿಗೆ ಬಂದಿದ್ದಳು.

ಇದು ಅವಳಿಗೆ ಮೂರನೆಯದು. ಮೊದಲನೆಯದು ಹೆಣ್ಣು. ಹುಟ್ಟುವ ಮೊದಲೇ ಗಂಡ ಹೆಂಡತಿ ಕೂತು ಹೆಸರು ಹುಡುಕಿ ಇಟ್ಟುಕೊಂಡಿದ್ದರು. ತೊಟ್ಟಿಲ ಬಟ್ಟೆಯ ಅಂಚಿಗೆ ರೂಪಾ ತಾನೇ ನೂಲು ಹಾಕಿ ಆ ಹೆಸರನ್ನು ಹೊಲಿದಿದ್ದಳು. ತೊಟ್ಟಿಲು ಶಾಸ್ತ್ರ ಆಗಿ ಸ್ವಲ್ಪ ದಿನಕ್ಕೆ ಒಂದು ಬೆಳಿಗ್ಗೆ ಕೂಸು ಏಳಲಿಲ್ಲ. ಎರಡನೆಯದು ಹೊಟ್ಟೆಯಲ್ಲೇ ಹೋಯಿತು. ಆಮೇಲೆ ಇದು. ಇದೂ ಹೆಣ್ಣೇ. ಕೈಕಾಲು ಬಡಿದು ಕೂಗಿ ಮನೆ ಎಬ್ಬಿಸುವಂಥ ಗಟ್ಟಿ ಕೂಸು. ಆದರೆ ಹೆಸರಿಡುವ ದಿನ ಬಂದಾಗ ರೂಪಾ "ಈಗ್ಲೇ ಬೇಡ" ಎಂದಳು. ಚುಚ್ಚುಮದ್ದು ಆಗಲಿ ಎಂದಳು, ಕುತ್ತಿಗೆ ನಿಲ್ಲಲಿ ಎಂದಳು. ಕುತ್ತಿಗೆ ನಿಂತು, ಮಗುಚಲೂ ಕಲಿತು, ಕೂಸು ನಮ್ಮನ್ನೆಲ್ಲ ನೋಡಿ ನಗಾಡತೊಡಗಿತು. ಹೆಸರಿಲ್ಲ. ನಾವೆಲ್ಲ ಪಾಪು ಎನ್ನುತ್ತಿದ್ದೆವು. ರೂಪಾ ಅದನ್ನೂ ಹೇಳುತ್ತಿರಲಿಲ್ಲ. "ಇದಕ್ಕೆ ಹಸಿವಾತು ಕಾಣ್ತದೆ", "ಇದು ಮಲಗ್ತು". ಇದು, ಅದು. ಹೆಸರು ಹಿಡಿದು ಕರೆದರೆ ಎಲ್ಲೋ ಯಾರೋ ಕೇಳಿಸಿಕೊಂಡು ಬಂದುಬಿಡುತ್ತಾರೆ ಎಂಬ ಹೆದರಿಕೆ ಅವಳಿಗೆ. ಬಾಯಿಬಿಟ್ಟು ಹೇಳಿದ್ದಿಲ್ಲ. ಆದರೆ ನನಗೆ ಗೊತ್ತು. ನಾನು ಅದೇ ಹೆದರಿಕೆಯಿಂದ ಹುಟ್ಟಿದವಳು.

ನನ್ನ ತವರು ಭಟ್ಕಳದ ಕಡೆ, ಶಿರಾಲಿಯಿಂದ ಸಮುದ್ರದ ಬದಿಗೆ ಇಳಿದರೆ ಸಿಗುವ ಕೇರಿ. ನನಗಿಂತ ಮೊದಲು ಅಬ್ಬೆಗೆ ಹುಟ್ಟಿದ ಯಾವ ಕೂಸೂ ನಿಂತಿರಲಿಲ್ಲ. ನಾನು ಹುಟ್ಟಿದಾಗ ನನ್ನ ಅಜ್ಜಿ ಒಂದು ಉಪಾಯ ಮಾಡಿದಳು. ನನ್ನನ್ನು ಹಳೆಯ ಗೆರಸೆಯಲ್ಲಿ ಹಾಕಿ ಗೊಬ್ಬರಗುಂಡಿಯ ಬದಿಗೆ ಇಟ್ಟು, ಅಬ್ಬೆಯನ್ನು ಒಳಗೆ ಕೂರಿಸಿ ಬಾಗಿಲು ಹಾಕಿದಳು. ಬೇಡದ ಕೂಸು, ಎಸೆದ ಕೂಸು ಎಂದಾಯಿತಲ್ಲ. ಇನ್ನು ದಾರಿಯಲ್ಲಿ ಹೋಗುವವರು ಯಾರಾದರೂ ಎತ್ತಿಕೊಂಡರೆ ಅದು ಅವರದ್ದು. ಅವರಿಂದ ನಾವು ಕೊಂಡರೆ ಅದು ಪರರ ಸೊತ್ತು. ಮೃತ್ಯು ಬಂದು ಈ ಮನೆಯ ಕೂಸು ಎಲ್ಲಿ ಎಂದು ಹುಡುಕಿದರೆ, ಈ ಮನೆಯಲ್ಲಿ ಹುಟ್ಟಿದ ಕೂಸು ಸಿಗುವುದಿಲ್ಲ!

ಆ ಹೊತ್ತಿಗೆ ಬಂದದ್ದು ಭಟ್ಕಳದ ನವಾಯತ ಮುಸ್ಲಿಮರ ಬೀಬಿ ಒಬ್ಬಳು, ಮನೆ ಮನೆಗೆ ಬಳೆ ಮಾರುವವಳು. ಅವಳಿಗೆ ಈ ನಾಟಕ ಯಾರೂ ಹೇಳಿರಲಿಲ್ಲ. ಹೇಳಿದರೆ ಫಲವಿಲ್ಲವಂತೆ. ಬಳೆಯ ಗಂಟು ಕೆಳಗಿಟ್ಟು ನನ್ನನ್ನು ಎತ್ತಿಕೊಂಡು, ಇಡೀ ಕೇರಿಗೆ ಕೇಳುವ ಹಾಗೆ ಬೈದಳಂತೆ. "ಯಾವ ಪಾಪಿ ಇಟ್ಟು ಹೋದದ್ದು ಇಲ್ಲಿ? ಕಾಗೆ ಕುಕ್ಕಿದ್ರೆ ಎಂತ ಮಾಡ್ತಿದ್ರಿ?" ಅಜ್ಜಿ ಹೊರಗೆ ಬಂದು, "ನಮ್ಗೆ ಕೊಡ್ತ್ಯಾ ಬೀಬಿ? ತೌಡು ಕೊಡ್ತೆ" ಎಂದಾಗ ಬೀಬಿಗೆ ಅರ್ಥವಾಯಿತು. ಅವರ ಕಡೆಯೂ ಕೂಸು ನಿಲ್ಲದ ಮನೆಗಳಿದ್ದವಲ್ಲ. ಕಣ್ಣೊರೆಸಿಕೊಂಡು ಗೆರಸೆಯ ತುಂಬ ತೌಡು ತೆಗೆದುಕೊಂಡು ಹೋದಳು. ಅವಳ ಮನೆಯಲ್ಲಿ ಎಮ್ಮೆ ಇತ್ತೋ ಇಲ್ಲವೋ ಗೊತ್ತಿಲ್ಲ. ಅಂದಿನಿಂದ ಅವಳಿಗೆ ನಾನು ಮಗಳೇ. ಹಬ್ಬಕ್ಕೊಮ್ಮೆ ಬಂದು, ಕೈತುಂಬ ಹಸಿರು ಬಳೆ ಇಟ್ಟು, ನನ್ನ ಅಬ್ಬೆಯನ್ನು ದಬಾಯಿಸಿ ಹೋಗುತ್ತಿದ್ದಳು. "ನನ್ನ ಹುಡ್ಗಿನ್ನ ಇಷ್ಟು ತೆಳ್ಳಗೆ ಮಾಡಿ ಇಟ್ಟಿದ್ಯಲ್ಲ?" ಅಬ್ಬೆ ತಲೆ ತಗ್ಗಿಸಿ ಬೈಸಿಕೊಳ್ಳುತ್ತಿದ್ದಳು.

ಅಬ್ಬೆ ನನ್ನನ್ನು ಒಂದು ದಿನವೂ ಚಂದದ ಮಾತಿನಿಂದ ಕರೆದವಳಲ್ಲ. ಹಾಳಾದ್ದು, ಕರಿಕಾಗೆ, ಬೀಬಿಯ ಕೂಸು. ಪಕ್ಕದ ಮನೆಯ ಹೆಂಗಸು ತನ್ನ ಮಗಳನ್ನು ನನ್ನ ಚಿನ್ನ, ನನ್ನ ಬಂಗಾರ ಎಂದು ಮುದ್ದು ಮಾಡುವಾಗ ನಾನು ಬೇಲಿಯ ಸಂದಿಯಲ್ಲಿ ಮುಖ ಇಟ್ಟು ನೋಡುತ್ತಿದ್ದೆ. ನನ್ನ ಅಬ್ಬೆಗೆ ನಾನೆಂದರೆ ಆಗುವುದಿಲ್ಲ ಎಂದುಕೊಂಡೇ ದೊಡ್ಡವಳಾದೆ. ನನ್ನ ಮದುವೆಯ ದಿನ ಮಾತ್ರ, ದಿಬ್ಬಣ ಹೊರಡುವಾಗ, ಅವಳು ನನ್ನ ಕಿವಿಯ ಹತ್ತಿರ ಬಂದು ಯಾರಿಗೂ ಕೇಳಿಸದ ಹಾಗೆ "ನನ್ನ ಬಂಗಾರ" ಎಂದಳು. ಎಂದವಳೇ ಯಾರಾದರೂ ಕೇಳಿದರೋ ಎಂದು ಹಿಂದೆ ತಿರುಗಿ ನೋಡಿದಳು. ಇನ್ನು ಬೇರೆ ಮನೆಯವಳಾದೆನಲ್ಲ, ಈಗ ಹೇಳಿದರೆ ಅಪಾಯವಿಲ್ಲ ಎಂದು ಲೆಕ್ಕ ಹಾಕಿರಬೇಕು.

ಇರಲಿ. ಎಲ್ಲಿಂದ ಎಲ್ಲಿಗೋ ಹೋದೆ. ಸುಕ್ರಿ ಎಂಬ ಹುಡುಗಿಯ ಕಥೆ ಹೇಳಬೇಕಿತ್ತು.

ರಜೆಯಲ್ಲಿ ಧಾರವಾಡದಿಂದ ಒಂದಿಷ್ಟು ಕಾಲೇಜು ಹುಡುಗಿಯರು ಬಂದು ನಮ್ಮ ಹಿತ್ತಲ ಕೋಣೆಯಲ್ಲಿ ಇಳಿದರು. ಅವರಲ್ಲಿ ಒಬ್ಬಳು ಆಫ್ರಿಕಾದವಳು, ಘಾನಾ ಎಂಬ ದೇಶದ ಹುಡುಗಿ. ಬೆಳೆಯ ವಿಷಯ ಓದಲು ಬಂದವಳಂತೆ. ಬಂದ ಮರುದಿನ ಉಳಿದವರೆಲ್ಲ ಬೀಚಿಗೆ ಹೋದರೂ ಇವಳು ಹೊಟ್ಟೆ ಕೆಟ್ಟು ಕೋಣೆಯಲ್ಲೇ ಉಳಿದಳು. ಮಧ್ಯಾಹ್ನ ಅಡುಗೆಮನೆಯ ಬಾಗಿಲಿಗೆ ಬಂದು, "ಅಕ್ಕಾರ, ಸ್ವಲ್ಪ ಬಿಸಿನೀರು ಸಿಗ್ತಾವೇನ್ರಿ?" ಎಂದಳು. ಅವಳ ಬಾಯಲ್ಲಿ ಧಾರವಾಡದ ಕನ್ನಡ ಕೇಳಿ ಲಲಿತಳ ಕೈಯ ಸೌಟು ಪಾತ್ರೆಯೊಳಗೆ ಬಿತ್ತು. ನಾನು ಅವಳನ್ನು ಎಳೆದು ಕೂರಿಸಿ ಮುರುಗಲ ಹುಳಿಯ ತಿಳಿಸಾರು ಕುಡಿಸಿದೆ.

ಸಾರು ಕುಡಿಯುತ್ತ ಅವಳು ರೂಪಾಳ ತೊಡೆಯ ಕೂಸನ್ನು ನೋಡಿದಳು. ಹೊರಗಿನವರು ಕೂಸು ನೋಡಿ ಹೊಗಳುವ ಮೊದಲೇ ಬಾಯಿ ಹಾಕುವುದು ನನ್ನ ಅಭ್ಯಾಸ. "ಎಂತ ನೋಡ್ತೆ ಅದನ್ನ, ಕಪ್ಪೆ ಹಾಂಗೆ ಇದೆ. ಮೂಗೇ ಇಲ್ಲ" ಎಂದೆ. ಪೇಟೆಯ ಹುಡುಗಿಯರಾದರೆ "ಅಯ್ಯೋ, ಹಾಗೆಲ್ಲ ಹೇಳ್ಬಾರ್ದು ಅಜ್ಜಿ" ಎನ್ನುತ್ತಿದ್ದರು. ಇವಳು ಗಂಭೀರವಾಗಿ ತಲೆ ಆಡಿಸಿ, "ಹೌದ್ರಿ, ಭಾಳ ಕೆಟ್ಟ ಐತಿ. ಇಂಥಾ ಕೂಸು ಯಾರಿಗೂ ಬ್ಯಾಡ್ರಿ" ಎಂದಳು.

ನಾನು ಅವಳ ಮುಖ ನೋಡಿದೆ. ಅವಳು ನನ್ನ ಮುಖ ನೋಡಿದಳು. ಇಬ್ಬರಿಗೂ ನಗು ತಡೆಯಲಿಲ್ಲ.

"ನಿಂಗೆ ಇದೆಲ್ಲ ಯಾರು ಹೇಳ್ಕೊಟ್ಟದ್ದು?"

"ನಮ್ಮ ಅಜ್ಜಿನೂ ಹಿಂಗ ಅಂತಾಳ್ರಿ. ಚಂದ ಅಂದ್ರ ಯಾರೋ ಒಯ್ತಾರಂತ."

ಆಮೇಲೆ ಅವಳು ಕೇಳಬಾರದ್ದನ್ನು ಕೇಳಿದಳು. "ಕೂಸಿನ ಹೆಸರೇನ್ರಿ?"

ಲಲಿತ ಏನೋ ತರಲು ಒಳಗೆ ಹೋದಳು. ರೂಪಾ ಗೋಡೆ ನೋಡಿದಳು. ಕಡೆಗೆ ನಾನೇ, "ಇನ್ನೂ ಇಟ್ಟದ್ದಿಲ್ಲ" ಎಂದೆ.

"ನೀವ್ಯಾಕ ಇಡ್ಬೇಕ್ರಿ? ಕೂಸು ಬರೋವಾಗ ತಾನ ತಂದಿರ್ತೈತಲ್ಲ. ಯಾವ ವಾರ ಹುಟ್ಟೈತ್ರಿ?"

"ಸೋಮವಾರ."

"ಹಂಗಾದ್ರ ನಮ್ಮ ಊರಾಗ ಇದು ಅಜುವಾ."

ಅವರ ಜನದಲ್ಲಿ ಹುಟ್ಟಿದ ವಾರವೇ ಕೂಸಿನ ಮೊದಲ ಹೆಸರಂತೆ. ಅದನ್ನು ಅಪ್ಪ ಅಮ್ಮ ಹುಡುಕಬೇಕಿಲ್ಲ, ಜೀವ ಅದನ್ನು ಹೊತ್ತುಕೊಂಡೇ ಬರುತ್ತದಂತೆ. ಇವಳು ಹುಟ್ಟಿದ್ದು ಶುಕ್ರವಾರ, ಹೆಸರು ಅಫುವಾ. ನನಗೆ ಸೋಜಿಗವಾಗಲಿಲ್ಲ, ಒಂದು ನಮೂನೆ ಮನೆಗೆ ಬಂದಂತಾಯಿತು. ನಮ್ಮ ತವರಿನ ಕೇರಿಯಲ್ಲಿ ಇದ್ದವರೆಲ್ಲ ಹೀಗೆಯೇ ಅಲ್ಲವಾ? ಬಲೆ ಹೆಣೆಯುವ ಸುಕ್ರ, ದೋಣಿಗೆ ಎಣ್ಣೆ ಹಚ್ಚುವ ಶನಿಯಾರ, ಸೊಂಟ ಬಗ್ಗಿದ ಮಂಗಳಿ, ಆದಿತ್ಯವಾರದ ಐತ.

"ಹಾಂಗಾದ್ರೆ ನೀನು ಅಫುವಾ ಅಲ್ಲ ಮಾರಾಯ್ತಿ, ಸುಕ್ರಿ!" ಎಂದೆ. ಅವಳು ಕೂಡಲೇ ತನ್ನ ಅಮ್ಮನಿಗೆ ಫೋನು ಹಚ್ಚಿ ಏನೋ ಹೇಳಿದಳು. ಆ ಕಡೆಯಿಂದ ಒಬ್ಬ ಹೆಂಗಸು ಜೋರಾಗಿ ನಕ್ಕು "ಸುಕ್ರಿ, ಸುಕ್ರಿ" ಎಂದದ್ದು ನಮಗೆಲ್ಲ ಕೇಳಿಸಿತು. ರೂಪಾಳೂ ನಕ್ಕಳು, ಬಹಳ ದಿನದ ಮೇಲೆ.

ಹೊಟ್ಟೆ ಸರಿಯಾದ ಮೇಲೂ ಸುಕ್ರಿ ಮಧ್ಯಾಹ್ನ ನಮ್ಮ ಜಗಲಿಗೇ ಬಂದು ಕೂರುತ್ತಿದ್ದಳು. ಅವಳ ಊರಿನಲ್ಲಿ ಹುಟ್ಟಿದ ಕೂಸು ಎಂಟನೆಯ ದಿನದವರೆಗೆ ನೆಂಟರಂತೆ, ಉಳಿಯುತ್ತದೋ ಹೊರಡುತ್ತದೋ ನೋಡಿಕೊಂಡು ಆಮೇಲೆ ಮನೆತನದ ಹೆಸರಿಡುತ್ತಾರಂತೆ. ಆ ದಿನ ಹಿರಿಯರು ಕೂಸಿನ ನಾಲಿಗೆಗೆ ಒಂದು ಹನಿ ನೀರು, ಒಂದು ಹನಿ ಸಾರಾಯಿ ಮುಟ್ಟಿಸುತ್ತಾರಂತೆ. ನೀರನ್ನು ನೀರು ಅನ್ನು, ಸಾರಾಯಿಯನ್ನು ಸಾರಾಯಿ ಅನ್ನು, ಬದುಕಿಡೀ ಸುಳ್ಳು ಹೇಳಬೇಡ ಎಂದು. "ಉಳಿದ ಸಾರಾಯಿ ಯಾರ್ಗೆ?" ಎಂದು ನಾನು ಕೇಳಿದ್ದಕ್ಕೆ ಲಲಿತ ಕಣ್ಣು ಬಿಟ್ಟಳು. ಅಪ್ಪ ಸತ್ತ ಮೇಲೆ ಹುಟ್ಟಿದ ಕೂಸಿಗೂ ಅವರಲ್ಲಿ ಬೇರೆಯೇ ಹೆಸರಿದೆಯಂತೆ, ಬಂದಾಗ ಅವನು ಸಿಗಲಿಲ್ಲ ಎಂಬ ಅರ್ಥದ್ದು. ನಮ್ಮ ಬೋಟಿನ ಊರುಗಳಲ್ಲಿ ಅಂಥ ಕೂಸುಗಳಿಗೆ ಬರವಿಲ್ಲ.

ನಮಗೋ, ಹೆಸರೆಂದರೆ ಯಾವಾಗಲೂ ಹೆದರಿಕೆಯೇ. ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕಡಿಮೆ ಎಂದು ನಮ್ಮ ಕಾಲದ ನಂಬಿಕೆ. ನನ್ನ ಗಂಡನ ಹೆಸರು ಈಶ್ವರ. ಗೋಕರ್ಣದಂಥ ಊರಿನಲ್ಲಿ ನನ್ನ ಪಾಡು ಯೋಚನೆ ಮಾಡಿ! ದೇವಸ್ಥಾನಕ್ಕೆ ಹೋದರೂ "ಇವ್ರ ಹೆಸ್ರಿನ ದೇವ್ರೇ" ಎಂದು ಕೈಮುಗಿಯುತ್ತಿದ್ದೆ. ಒಂದು ಸಲ ಗಾಳಿ ಎದ್ದು ಅವರ ದೋಣಿ ಹೊತ್ತಿಗೆ ಸರಿಯಾಗಿ ಬರಲಿಲ್ಲ. ನಾವು ಹೆಂಗಸರೆಲ್ಲ ದಂಡೆಯಲ್ಲಿ ನಿಂತಿದ್ದೆವು. ನನಗೆ ಅರಿವಿಲ್ಲದೆ ಗಂಟಲು ಹರಿಯುವ ಹಾಗೆ "ಈಶ್ವರಾ" ಎಂದು ಕೂಗಿದೆ. ಪಕ್ಕದವಳು ನನ್ನ ಬೆನ್ನು ಸವರಿ, "ಕರಿ, ಕರಿ, ದೇವ್ರು ಕಾಪಾಡ್ತಾನೆ" ಎಂದಳು. ನಾನು ಕರೆದದ್ದು ದೇವರನ್ನಲ್ಲ. ದೋಣಿ ಬಂತು. ಅವರು ಆಮೇಲೂ ಬಹಳ ಕಾಲ ಇದ್ದರು, ನನ್ನ ಅಡುಗೆಗೆ ಹೆಸರಿಡುತ್ತಲೇ ಇದ್ದರು.

ಒಂದು ದಿನ ಮಾತಿನ ನಡುವೆ ನನ್ನ ತೌಡಿನ ವ್ಯಾಪಾರವನ್ನು ಸುಕ್ರಿಗೆ ಹೇಳಿದೆ. ಅವಳು ನಗಲಿಲ್ಲ.

"ನನ್ನ ತಮ್ಮನ ಹೆಸರು ಸುಮಿನಾ ಅಂತ್ರಿ ಅಜ್ಜಿ. ಅಂದ್ರ ಕಸದ ಗುಡ್ಡಿ. ನನ್ನ ಹಿಂದ ಹುಟ್ಟಿದ್ವು ಯಾವೂ ಉಳೀಲಿಲ್ಲ. ಅದಕ್ಕ ಇವಂಗ ಹಂಗ ಇಟ್ರು. ಯಾರಿಗೂ ಬ್ಯಾಡಾಗಲಿ ಅಂತ."

ನನ್ನ ತಲೆಯೊಳಗೆ ದೀಪ ಹತ್ತಿತು. ದೂರದ ದೇಶದವಳು, ಈ ಶಾಸ್ತ್ರ ಗೊತ್ತಿದ್ದವಳು, ನಮ್ಮ ಜಗಲಿಗೇ ಬಂದು ಕೂತಿದ್ದಾಳೆ. ರೂಪಾಳ ಕೂಸನ್ನು ಎತ್ತಿಕೊಳ್ಳಲು ಇವಳಿಗಿಂತ ಒಳ್ಳೆಯವಳು ಎಲ್ಲಿ ಸಿಕ್ಕಾಳು? ಮೃತ್ಯು ಹುಡುಕಿಕೊಂಡು ಹೋಗುವುದಾದರೆ ಸಮುದ್ರ ದಾಟಿ ಘಾನಾಕ್ಕೆ ಹೋಗಲಿ! ಗೊತ್ತಿದ್ದವರು ಎತ್ತಿದರೆ ಫಲವಿಲ್ಲ ಎಂಬುದನ್ನು ನಾನು ಆ ಕ್ಷಣಕ್ಕೆ ಮರೆತೇಬಿಟ್ಟೆ. ಗೆರಸೆ ಅಟ್ಟದಲ್ಲಿದೆ, ತೌಡು ಪಕ್ಕದ ಮನೆಯಲ್ಲಿ ಸಿಗುತ್ತದೆ ಎಂದೆಲ್ಲ ಯೋಚಿಸಿ, ಸ್ವರ ತಗ್ಗಿಸಿ ಅವಳಿಗೆ ಹೇಳತೊಡಗಿದೆ. ರೂಪಾ ಒಳಗೆ ಮಲಗಿದ್ದಾಳೆ ಎಂದುಕೊಂಡಿದ್ದೆ. ಅವಳು ಬಾಗಿಲಲ್ಲೇ ನಿಂತಿದ್ದಳು.

ನನಗೆ ಬೈಯುತ್ತಾಳೆ ಎಂದುಕೊಂಡೆ. ಅವಳು ನನ್ನನ್ನು ನೋಡಲೂ ಇಲ್ಲ.

"ನಿನ್ನ ತಮ್ಮ ಈಗ ಎಂತ ಮಾಡ್ತಾ?" ಎಂದು ಸುಕ್ರಿಯನ್ನು ಕೇಳಿದಳು.

ಸುಕ್ರಿ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. "ಇಲ್ರಿ ಅಕ್ಕಾ. ಹೋದ. ಹಾಲುಹಲ್ಲು ಬೀಳೋ ವಯಸ್ಸಿನಾಗ ಜ್ವರ ಬಂದು ಹೋದ."

ನನ್ನ ಉಪಾಯ ಅಲ್ಲೇ ಕುಸಿದು ಕೂತಿತು.

"ಮತ್ತೆ ಆ ಹೆಸ್ರಿಂದ ಎಂತ ಆತು?" ರೂಪಾಳ ಸ್ವರ ಗಟ್ಟಿಯಾಗಿತ್ತು.

ಸುಕ್ರಿ ಅವಳತ್ತ ತಿರುಗಿ ಕೂತಳು. "ಉಳಿಸಲಿಲ್ರಿ ಅದು. ಆದ್ರ ಇದ್ದಷ್ಟು ದಿನ ಅವನ್ನ ಕರದೇವಿ. ಸುಮಿನಾ ಬಾ, ಸುಮಿನಾ ಉಣ್ಣು, ಸುಮಿನಾ ನನ್ನ ಚಪ್ಪಲಿ ಎಲ್ಲಿ ಒಗದಿ. ಈಗೂ ಎಷ್ಟು ಮಕ್ಕಳು ಅಂತ ಯಾರರ ಕೇಳಿದ್ರ ನಮ್ಮವ್ವ ಅವನ ಹೆಸರು ಬಿಡೂದಿಲ್ಲ." ಆಮೇಲೆ ಮೆಲ್ಲಗೆ, "ನಿಮ್ಮ ಮೊದಲನೇ ಕೂಸಿನ ಹೆಸರೇನಿತ್ರಿ ಅಕ್ಕಾ?" ಎಂದಳು. ಆ ಕೂಸಿನ ವಿಷಯ ನಾನೇ ಅವಳಿಗೆ ಹೇಳಿದ್ದೆ, ಹೆಸರು ಮಾತ್ರ ಹೇಳಿರಲಿಲ್ಲ. ನಮ್ಮ ಮನೆಯಲ್ಲಿ ಅದನ್ನು ಯಾರೂ ಹೇಳುತ್ತಿರಲಿಲ್ಲ. ರೂಪಾಗೆ ನೋವಾಗುತ್ತದೆ ಎಂದು ನಾವು, ನಮಗೆ ನೋವಾಗುತ್ತದೆ ಎಂದು ಅವಳು.

ಒಳಗೆ ಲಲಿತ ಕಾಯಿ ತುರಿಯುತ್ತಿದ್ದ ಸದ್ದು ನಿಂತಿತು.

"ತನ್ವಿ" ಎಂದಳು ರೂಪಾ.

ಹೇಳಿದವಳು ಅಲ್ಲೇ ಹೊಸ್ತಿಲ ಮೇಲೆ ಕೂತಳು. ಇನ್ನೊಮ್ಮೆ ಹೇಳಿದಳು. ಆಮೇಲೆ ಅವಳ ಬಾಯಿ ನಿಲ್ಲಲಿಲ್ಲ. ತನ್ವಿಗೆ ಎಡಗಿವಿಯ ಹಿಂದೆ ಒಂದು ಮಚ್ಚೆ ಇತ್ತು. ತನ್ವಿ ಹಾಲು ಕುಡಿಯುವಾಗ ಇವಳ ಕಿರುಬೆರಳನ್ನೇ ಹಿಡಿಯಬೇಕು, ಬೇರೆ ಬೆರಳು ಕೊಟ್ಟರೆ ಬಿಟ್ಟುಬಿಡುತ್ತಿತ್ತು. ತನ್ವಿ ಗಣಪತಿಯ ಗಡ್ಡ ತಾಗಿದರೆ ಸೀನುತ್ತಿತ್ತು. ಕೆಲವು ದಿನವಷ್ಟೇ ಇದ್ದ ಕೂಸಿಗೆ ಇಷ್ಟೆಲ್ಲ ಇತ್ತು ಎಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಲಲಿತ ಕಾಯಿ ತುರಿದ ಕೈಯಲ್ಲೇ ಬಂದು ಮಗಳ ಪಕ್ಕ ಕೂತಳು.

ನನಗೋ, ಇಷ್ಟು ವಯಸ್ಸಾದ ಮೇಲೆ ಮೊದಲ ಸಲ ಒಂದು ವಿಷಯ ಹೊಳೆಯಿತು. ನನಗಿಂತ ಮೊದಲು ಹುಟ್ಟಿ ಹೋದವರಿಗೂ ಹೆಸರಿದ್ದಿರಬೇಕಲ್ಲ? ಅಣ್ಣನೋ ಅಕ್ಕನೋ, ಯಾವ ವಾರದವರೋ. ಅಬ್ಬೆ ಅವರ ಹೆಸರನ್ನು ಎಲ್ಲಿ ಇಟ್ಟುಕೊಂಡಿದ್ದಳೋ. ಈಗ ಕೇಳಬೇಕೆಂದರೆ ಹೇಳುವವರು ಯಾರೂ ಉಳಿದಿಲ್ಲ. ಅವರೆಲ್ಲರ ಪಾಲಿನ ಬಂಗಾರವನ್ನೂ ಸೇರಿಸಿ ಅವಳು ನನಗೊಬ್ಬಳಿಗೇ ಆ ದಿಬ್ಬಣದ ದಿನ ಹೇಳಿದಳೋ ಏನೋ.

ಸಂಜೆ ರೂಪಾ ಗಂಡನಿಗೆ ಫೋನು ಮಾಡಿ, "ನಾಳೆ ಬನ್ನಿ, ತೊಟ್ಲು ಕಟ್ಬೇಕು" ಎಂದಳು. ಮರುದಿನ ಸುಕ್ರಿಯೂ ಗೆಳತಿಯರೂ ಹೊರಡುವ ದಿನ, ಒಂದು ಬಸ್ಸು ಬಿಟ್ಟು ಇನ್ನೊಂದು ಬಸ್ಸಿಗೆ ಹೋಗುತ್ತೇವೆ ಎಂದು ನಿಂತರು. ಗಣಪತಿ ಕೆನ್ನೆ ನುಣ್ಣಗೆ ಬೋಳಿಸಿಕೊಂಡು, ಪೇಡೆಯ ಡಬ್ಬಿ ಹಿಡಿದು ಬಂದ. ನಾನು ಅಟ್ಟದಿಂದ ಗೆರಸೆಯನ್ನು ಇಳಿಸಿ ಒರೆಸಿ ಮೂಲೆಯಲ್ಲಿ ಇಟ್ಟಿದ್ದೆ, ಯಾವುದಕ್ಕೂ ಇರಲಿ ಎಂದು. ರೂಪಾ ಅದನ್ನು ನೋಡಿ, ಏನೂ ಹೇಳದೆ, ಅದರಲ್ಲಿ ಹೂವು ಹಾಕಿ ಇಟ್ಟಳು.

ತೊಟ್ಟಿಲಿಗೆ ಹಾಕಿದ ಮೇಲೆ ಅವಳೇ ಬಗ್ಗಿದಳು. ಸೋದರತ್ತೆ ಹೇಳಬೇಕು, ಹಿರಿಯರು ಹೇಳಬೇಕು ಎಂದು ಯಾರೋ ಎಂದರು, ಅವಳು ಕೇಳಲಿಲ್ಲ. ಕಿವಿಯಲ್ಲಿ ಹೇಳುವ ಹೆಸರು ಯಾರಿಗೂ ಕೇಳಿಸಬಾರದು ಎನ್ನುತ್ತಾರೆ. ಇವಳು ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದಳು. "ನಿನ್ನ ಅಕ್ಕನ ಹೆಸ್ರು ತನ್ವಿ. ನಿನ್ನ ಹೆಸ್ರು ಸೋಮಿ."

ಗಣಪತಿ ಮುಖ ಆಚೆ ತಿರುಗಿಸಿದ. ಸುಕ್ರಿ ಕೈಯಿಂದ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ಒಂದು ಹಾಡು ಹೇಳುವವರೂ ಇಲ್ಲ. ಹೀಗಾದರೆ ಕೂಸಿನ ಎದುರು ಶೋಭೆಯಲ್ಲ ಎಂದು, ವಾತಾವರಣ ಹಗುರ ಮಾಡಲು ನಾನೇ ಬಾಯಿ ಹಾಕಿದೆ.

"ಸೋಮಿ ಅಂದ್ರೆ ನಮ್ಮ ಅಜ್ಜಿ ಕಾಲದ ಹೆಸ್ರಾತು ಮಾರಾಯ್ತಿ. ನಾಳೆ ಶಾಲೆಲಿ ಉಳ್ದ ಮಕ್ಳೆಲ್ಲ ಎಂತೆಂತ ಚಂದ ಹೆಸ್ರು ಇಟ್ಕೊಂಡು ಬರ್ತಾವೆ. ಇವ್ಳನ್ನ ನೋಡಿ ನಗಾಡುದಿಲ್ವಾ?"

ರೂಪಾ ತೊಟ್ಟಿಲಿನಿಂದ ತಲೆ ಎತ್ತದೆ ಹೇಳಿದಳು.

"ನಗಾಡ್ಲಿ ಅಜ್ಜಿ. ಶಾಲೆವರೆಗೆ ಹೋಗಿ, ನಗಾಡಿಸ್ಕೊಂಡು, ಅಳ್ತಾ ಅಳ್ತಾ ಮನೆಗೆ ಬರ್ಲಿ ನನ್ನ ಮಗ್ಳು."